ಖಾಲಿ ಕಾಗದದ ಮೇಲಿನ ಸಹಿ
(ಜುಮಾ ಖುತ್ಬಾ ಸಾರಾಂಶ: ಶಿಡ್ಲಘಟ್ಟ)

ಸರ್ವಸ್ತುತಿ ಅಲ್ಲಾಹನಿಗೆ. ಆತನ ಅಂತಿಮ ಪ್ರವಾದಿ ಹಜರತ್ ಮುಹಮ್ಮದ್ (ಸ) ಅವರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ. ಮಾನ್ಯ ಹಿರಿಯರೇ, ಸಹೋದರರೇ, ಮೊದಲು ನನಗೆ, ಆಮೇಲೆ ನಿಮಗೆ ತಖ್ವಾದ ಉಪದೇಶ ಮಾಡುತ್ತೇನೆ.

ಇಂದಿನ ವಿಷಯ ಸಾಕ್ಷಿ. ಸೂರಃ ಅನ್ನಿಸಾದ 135ನೇ ವಚನದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ನ್ಯಾಯದ ಮೇಲೆ ಗಟ್ಟಿಯಾಗಿ ನಿಲ್ಲಲು ಆಜ್ಞಾಪಿಸಿದ್ದಾನೆ. ಆ ಸಾಕ್ಷಿ ನಮಗೇ ವಿರುದ್ಧವಾಗಲಿ, ತಂದೆತಾಯಿಗೆ ವಿರುದ್ಧವಾಗಲಿ, ಬಂಧುಗಳಿಗೆ ವಿರುದ್ಧವಾಗಲಿ, ಹೇಳಲೇಬೇಕು. ಎದುರಿಗಿರುವವನು ಶ್ರೀಮಂತನೋ ಬಡವನೋ ಎಂದು ನೋಡುವಂತಿಲ್ಲ. ಬುಖಾರಿಯ ಹದೀಸ್‌ನಲ್ಲಿದೆ: ಪ್ರವಾದಿವರ್ಯರು (ಸ) ಒರಗಿ ಕುಳಿತು ಮಹಾಪಾಪಗಳನ್ನು ಎಣಿಸುತ್ತಿದ್ದರು. ಶಿರ್ಕ್ ಎಂದರು, ತಂದೆತಾಯಿಯ ಅವಿಧೇಯತೆ ಎಂದರು. ಸುಳ್ಳು ಸಾಕ್ಷಿಯ ಮಾತು ಬಂದಾಗ ಎದ್ದು ನೆಟ್ಟಗೆ ಕುಳಿತರು. ಅದನ್ನೇ ಮತ್ತೆ ಮತ್ತೆ ಹೇಳಿದರು. ಇನ್ನು ನಿಲ್ಲಿಸಿದರೆ ಸಾಕು ಎಂದು ಸಹಾಬಿಗಳಿಗೆ ಅನಿಸುವಷ್ಟು ಸಲ ಹೇಳಿದರು. ಶಿರ್ಕ್‌ನ ಮಾತಿಗೆ ಒರಗಿಯೇ ಇದ್ದವರು ಇದಕ್ಕೆ ಎದ್ದು ಕುಳಿತದ್ದು ಏಕೆ? ಶಿರ್ಕ್‌ನಿಂದ ಮುಸ್ಲಿಮನ ಮನಸ್ಸು ತಾನಾಗಿಯೇ ದೂರ ಓಡುತ್ತದೆ. ಸುಳ್ಳು ಸಾಕ್ಷಿ ಹಾಗಲ್ಲ. ಅದು ಸ್ನೇಹದ ರೂಪದಲ್ಲಿ ಬರುತ್ತದೆ, ಉಪಕಾರದ ರೂಪದಲ್ಲಿ ಬರುತ್ತದೆ, ಕೆಲವು ಸಲ ಖಾಕಿ ಬಟ್ಟೆಯಲ್ಲೂ ಬರುತ್ತದೆ.

ಸಹೋದರರೇ, ಎರಡು ಘಟನೆಗಳನ್ನು ನೆನಪಿಸುತ್ತೇನೆ. ಎರಡೂ ನಮ್ಮ ಕರ್ನಾಟಕದವರದೇ.

ಮೊದಲನೆಯದು ಕೊಡಗಿನದು. ಕುಶಾಲನಗರದ ಹತ್ತಿರದ ಒಬ್ಬ ಆದಿವಾಸಿ ಕೂಲಿಕಾರನ ಹೆಂಡತಿ 2020ರಲ್ಲಿ ಕಾಣೆಯಾದಳು. ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟವನು ಅವನೇ. ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಇದು ಅವಳದೇ, ಕೊಂದವನು ಗಂಡನೇ ಎಂದು ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದರು. ಅವನು ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ. ಡಿಎನ್‌ಎ ವರದಿ ಆ ಮೂಳೆಗಳು ಅವಳದಲ್ಲ ಎಂದಿತು. ಆದರೂ ಕೊಲೆ ಮೊಕದ್ದಮೆ ನಡೆಯುತ್ತಲೇ ಇತ್ತು. 2025ರ ಏಪ್ರಿಲ್ 1ರಂದು ಮಡಿಕೇರಿಯ ಒಂದು ಹೋಟೆಲಿನಲ್ಲಿ ಆ ಹೆಂಗಸು ಜೀವಂತವಾಗಿ ಕಾಣಿಸಿಕೊಂಡಳು! ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ಗೌರವದಿಂದ ಬಿಡುಗಡೆ ಮಾಡಿತು, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು, ತನಿಖೆ ಮಾಡಿದ ಅಧಿಕಾರಿಯ ಮೇಲೆ ಕ್ರಮಕ್ಕೂ ಆದೇಶಿಸಿತು.

ಎರಡನೆಯದು ಗುಲ್ಬರ್ಗಾದ ಒಬ್ಬ ಫಾರ್ಮಸಿ ವಿದ್ಯಾರ್ಥಿಯದು. 1994ರ ಜನವರಿಯಲ್ಲಿ ರೈಲು ಸ್ಫೋಟಗಳ ಪ್ರಕರಣದಲ್ಲಿ ಅವನನ್ನು ಹಿಡಿದರು. ಟಾಡಾ ಕಾಯ್ದೆಯ ಕೆಳಗೆ ಪೊಲೀಸ್ ವಶದಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆಯೇ ಮುಖ್ಯ ಆಧಾರ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವನನ್ನು ನಿರ್ದೋಷಿ ಎಂದು ಬಿಟ್ಟಿತು. ಒಳಗೆ ಹೋದಾಗ ಕಾಲೇಜು ಹುಡುಗ, ಹೊರಗೆ ಬಂದಾಗ ನಡುವಯಸ್ಸು ದಾಟುತ್ತಿದ್ದವನು. ಆ 22 ವರ್ಷಗಳಿಗೆ ಯಾರು ಲೆಕ್ಕ ಕೊಡಬೇಕು?

ಈ ಎರಡರಲ್ಲಿ ಒಬ್ಬ ನಮ್ಮ ಸಮುದಾಯದವನು, ಇನ್ನೊಬ್ಬ ಅಲ್ಲ. ನಮ್ಮವನ ವಿಷಯಕ್ಕೆ ಕಣ್ಣೀರು, ಬೇರೆಯವನ ವಿಷಯಕ್ಕೆ ಮೌನ ಎಂದಾದರೆ ನಾವು ಕೇಳುತ್ತಿರುವುದು ನ್ಯಾಯವಲ್ಲ, ನಮ್ಮ ಪಕ್ಷ ಮಾತ್ರ.

ಇದನ್ನು ಅಲ್ಲಾಹನು ಮದೀನದಲ್ಲೇ ಕಲಿಸಿದ್ದಾನೆ. ಅನ್ನಿಸಾದ 105ರಿಂದ 112ರವರೆಗಿನ ವಚನಗಳ ಹಿನ್ನೆಲೆಯನ್ನು ತಫ್ಸೀರ್‌ಗಳಲ್ಲಿ ಓದಿ. ಅನ್ಸಾರ್‌ಗಳ ಒಂದು ಕುಲದ ಮನುಷ್ಯ ರಕ್ಷಾಕವಚ ಕದ್ದ. ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಮನೆಗೆ ಸಾಗಿಸಿದ. ಕುಲದವರು ರಾತ್ರಿ ಕೂಡಿ ಮಾತಾಡಿಕೊಂಡು, ನಮ್ಮವನು ಒಳ್ಳೆಯವನು, ಕದ್ದವನು ಯಹೂದಿ ಎಂದು ಪ್ರವಾದಿವರ್ಯರ (ಸ) ಬಳಿ ಸಾಕ್ಷಿ ಹೇಳಿದರು. ಮಾಲು ಸಿಕ್ಕಿದ್ದು ಅವನ ಮನೆಯಲ್ಲಿ, ಸಾಕ್ಷಿಗಳು ಹಲವರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಕೇಸು ಗಟ್ಟಿಯಾಗಿತ್ತು. ಆಗ ವಹೀ ಬಂತು. ವಂಚಕರ ಪರವಾಗಿ ವಕಾಲತ್ತು ಬೇಡ ಎಂದಿತು. ತಾನು ಮಾಡಿದ ತಪ್ಪನ್ನು ನಿರಪರಾಧಿಯ ತಲೆಗೆ ಕಟ್ಟುವವನು ಅಪನಿಂದೆಯ ದೊಡ್ಡ ಹೊರೆ ಹೊರುತ್ತಾನೆ ಎಂದಿತು. ಯೋಚಿಸಿ, ಮುಸ್ಲಿಮನಲ್ಲದ ಒಬ್ಬನನ್ನು ಸುಳ್ಳು ಆರೋಪದಿಂದ ಬಿಡಿಸಲು, ಮುಸ್ಲಿಮ್ ಎನಿಸಿಕೊಂಡವನ ಬಣ್ಣ ಬಯಲು ಮಾಡಲು ಆಕಾಶದಿಂದ ವಚನ ಇಳಿದವು. ಕಿಯಾಮತ್‌ವರೆಗೂ ನಮಾಜಿನಲ್ಲಿ ಅವನ್ನು ಓದುತ್ತಲೇ ಇರುತ್ತೇವೆ.

ಈಗ ನನ್ನ ಮಾತು. ಇಷ್ಟು ವರ್ಷ ಇದನ್ನು ಮಿಂಬರ್ ಮೇಲೆ ಹೇಳಿರಲಿಲ್ಲ. ಹೇಳದೆ ಈ ಖುತ್ಬಾ ಓದಲು ನನಗೆ ಹಕ್ಕಿಲ್ಲ.

ಮದ್ರಸ ಮುಗಿಸಿ ಈ ಜಿಲ್ಲೆಯ ಒಂದು ಊರಿನಲ್ಲಿ ಹೊಸದಾಗಿ ನಮಾಜ್ ಮಾಡಿಸಲು ಸೇರಿದ್ದೆ. ಒಂದು ದಿನ ಅಸರ್ ಆದ ಮೇಲೆ ಠಾಣೆಯಿಂದ ಒಬ್ಬರು ಬಂದರು. ಪರಿಚಯದವರೇ. "ಹಜರತ್, ಒಂದು ಸಹಿ ಬೇಕಿತ್ತು. ಪಂಚರು ಸಿಕ್ಕುತ್ತಿಲ್ಲ. ನಿಮ್ಮಂಥ ಮರ್ಯಾದಸ್ಥರ ಸಹಿ ಇದ್ದರೆ ಕೋರ್ಟಿನಲ್ಲಿ ಬೆಲೆ" ಎಂದರು. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿತ್ತು, ಇನ್ನೊಂದು ಪೂರ್ತಿ ಖಾಲಿ. ನಾನು ಕೇಳಲಿಲ್ಲ. ಹೊಗಳಿಕೆ ಕಿವಿಗೆ ಹಿತವಾಗಿತ್ತು, ನಾಳೆ ನಮಗೂ ಠಾಣೆಯಲ್ಲಿ ಕೆಲಸ ಬೀಳುತ್ತದೆ ಎಂಬ ಲೆಕ್ಕವೂ ಇತ್ತು. ಎರಡರ ಕೆಳಗೂ ಸಹಿ ಹಾಕಿದೆ.

ಸುಮಾರು ಮೂರು ವರ್ಷ ಕಳೆದು ಸಮನ್ಸ್ ಬಂತು. ಕೋರ್ಟಿನ ಹೊರಗೆ ಅದೇ ಮನುಷ್ಯ ಒಂದು ಜೆರಾಕ್ಸ್ ಕೈಗೆ ಕೊಟ್ಟು, "ಓದಿಕೊಳ್ಳಿ, ಇದರಲ್ಲಿ ಇರುವ ಹಾಗೇ ಹೇಳಿ" ಎಂದರು. ಆಗ ಮೊದಲ ಸಲ ನನ್ನ ಮಹಜರನ್ನು ನಾನು ಓದಿದೆ. ತೋಟದ ಬೋರ್‌ವೆಲ್ ಕೇಬಲ್ ಕಳವು. ಪಕ್ಕದ ಹಳ್ಳಿಯ ಕೂಲಿಯವರ ಮಗ ಆರೋಪಿ. ಅವನು ನನ್ನ ಎದುರಿಗೆ ಪೊದೆಯಿಂದ ಕೇಬಲ್ ತೆಗೆದು ತೋರಿಸಿದನಂತೆ. ನಾನು ಆ ಪೊದೆ ನೋಡಿಲ್ಲ, ಕೇಬಲ್ ನೋಡಿಲ್ಲ, ಆ ಹುಡುಗನ ಮುಖವನ್ನೂ ಅವತ್ತೇ ಮೊದಲು ನೋಡಿದ್ದು.

ಹಿಂದಿನ ರಾತ್ರಿ ಕಮಿಟಿಯ ಹಿರಿಯರೊಬ್ಬರು ಬುದ್ಧಿ ಹೇಳಿದ್ದರು: "ಮೌಲಾನಾ, ಠಾಣೆಯವರ ವಿರೋಧ ನಮಗ್ಯಾಕೆ? ಮೀಲಾದ್ ಜುಲೂಸ್‌ಗೆ ಪರ್ಮಿಶನ್ ಕೇಳಬೇಕು. ಹುಡುಗ ನಮ್ಮವನೂ ಅಲ್ಲ." ಆ ಕೊನೆಯ ಮಾತೇ ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಕಟಕಟೆಯಲ್ಲಿ ನಿಂತು, ಸಹಿ ನನ್ನದು, ಆದರೆ ನಾನು ಏನನ್ನೂ ನೋಡಿಲ್ಲ ಎಂದೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ ಒಂದು ಗಂಟೆ ಪ್ರಶ್ನೆ ಕೇಳಿದರು. ಕೊನೆಗೆ ಹುಡುಗ ಬಿಡುಗಡೆಯಾದ.

ಅಂದು ನಾನು ಸತ್ಯ ಹೇಳಿದೆ ಎಂದು ಹೆಮ್ಮೆ ಪಡುವಂತಿಲ್ಲ. ವರಾಂಡದಲ್ಲಿ ಅವನ ತಾಯಿ ಸಿಕ್ಕಳು. ಮಗ ನಾಲ್ಕು ತಿಂಗಳು ಜೈಲಿನಲ್ಲಿದ್ದನಂತೆ. "ಇದನ್ನು ಅವತ್ತೇ ಹೇಳಿದ್ದರೆ ಆಗ್ತಿರಲಿಲ್ಲವಾ ಸಾಮಿ?" ಎಂದಳು. ಬೈಯಲಿಲ್ಲ, ಅಷ್ಟೇ ಕೇಳಿದಳು. ಇಂದಿಗೂ ಉತ್ತರ ಇಲ್ಲ. ಆ ನಾಲ್ಕು ತಿಂಗಳನ್ನು ಬರೆದವರು ಪೊಲೀಸರು. ಕೆಳಗೆ ಸಹಿ ಹಾಕಿದವನು ನಾನು. ಸುಳ್ಳು ಕೇಸು ಠಾಣೆಯೊಳಗೆ ಒಬ್ಬರಿಂದಲೇ ತಯಾರಾಗುವುದಿಲ್ಲ. ಅದಕ್ಕೆ ಹೊರಗಿನವರ ಸಹಿ ಬೇಕು.

ಸಹೋದರರೇ, ಅಧಿಕಾರಿಯನ್ನು ಪ್ರಶ್ನಿಸುವುದು ದಂಗೆಯಲ್ಲ, ದೀನ್‌ನ ಭಾಗ. ಸಹೀಹ್ ಮುಸ್ಲಿಮ್‌ನಲ್ಲಿದೆ: ಹಜರತ್ ಹಿಶಾಮ್ ಬಿನ್ ಹಕೀಮ್ (ರ) ಶಾಮ್ ದೇಶದಲ್ಲಿ ಹೋಗುತ್ತಿದ್ದಾಗ ಕೆಲವು ರೈತರನ್ನು ಬಿಸಿಲಿನಲ್ಲಿ ನಿಲ್ಲಿಸಿ ತಲೆಗೆ ಎಣ್ಣೆ ಸುರಿದಿದ್ದರು. ಕಂದಾಯ ಬಾಕಿ ಎಂಬುದು ಕಾರಣ. ಲೋಕದಲ್ಲಿ ಜನರನ್ನು ಹಿಂಸಿಸುವವರನ್ನು ಅಲ್ಲಾಹನು ಶಿಕ್ಷಿಸುತ್ತಾನೆ ಎಂದು ತಾವು ಪ್ರವಾದಿವರ್ಯರಿಂದ (ಸ) ಕೇಳಿದ್ದನ್ನು ಅಲ್ಲೇ ಸಾರಿದರು. ಅಧಿಕಾರಿಯ ಬಳಿಗೇ ಹೋಗಿ ತಿಳಿಸಿದರು. ರೈತರನ್ನು ಬಿಡಲಾಯಿತು. ಆ ರೈತರು ಹಿಶಾಮ್ ಅವರಿಗೆ ಏನೂ ಆಗಬೇಕಾಗಿರಲಿಲ್ಲ.

ಇನ್ನೊಂದು ಮುಖವೂ ಇದೆ. ಕೂಫಾದ ಗವರ್ನರ್ ಹಜರತ್ ಸಅದ್ (ರ) ಮೇಲೆ ದೂರು ಬಂದಾಗ ಹಜರತ್ ಉಮರ್ (ರ) ಕಚೇರಿಯಲ್ಲಿ ಕುಳಿತು ಮುಚ್ಚಿಹಾಕಲಿಲ್ಲ. ಜನರನ್ನು ಕಳಿಸಿ ಕೂಫಾದ ಮಸೀದಿ ಮಸೀದಿಗೂ ವಿಚಾರಿಸಿದರು. ಎಲ್ಲರೂ ಒಳ್ಳೆಯ ಮಾತಾಡಿದರು, ಒಬ್ಬ ಮಾತ್ರ ಸುಳ್ಳು ಆರೋಪ ಮಾಡಿದ. ಮಜ್ಲೂಮ್ ಆದ ಸಅದ್ ಅವರ ದುಆ ಅವನಿಗೆ ತಟ್ಟಿತು. ಅಂದರೆ ಅಧಿಕಾರಿ ತನಿಖೆಗೆ ಮೇಲಲ್ಲ. ಹಾಗೆಯೇ ಅಧಿಕಾರಿಯ ಮೇಲೆ ಸುಳ್ಳು ಹೇಳುವುದೂ ಜುಲುಮ್.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವಲ್ಲ. ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 30ಕ್ಕೂ ಹೆಚ್ಚು ಜನ ಸತ್ತರೆಂಬುದು ಜನರ ಲೆಕ್ಕ; ಸರ್ಕಾರದ ಲೆಕ್ಕ ಅದಕ್ಕಿಂತ ಕಡಿಮೆ. ಅಂದು ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕಾರಂಜಿಗೆ, ಉದ್ಯಾನಕ್ಕೆ, ಕಾರ್ಖಾನೆಗೆ ಅವರ ಹೆಸರನ್ನು ಅಭಿಮಾನದಿಂದ ಹೇಳುವ ನಾವು, ಅವರ ಆಡಳಿತದಲ್ಲಿ ಬಿದ್ದ ಗುಂಡಿನ ಹೆಸರನ್ನೂ ಹೇಳಬೇಕು. ನಮಗೇ ವಿರುದ್ಧವಾದರೂ ಸಾಕ್ಷಿ ಹೇಳಿ ಎಂಬ ಆಜ್ಞೆಗೆ ಅರ್ಥ ಇದೇ.

ಪೊಲೀಸರೆಲ್ಲ ಕೆಟ್ಟವರು ಎಂದು ಈ ಮಿಂಬರ್‌ನಿಂದ ಯಾರೂ ಹೇಳಲಾರರು. ಹಬ್ಬದ ದಿನ ಮನೆ ಬಿಟ್ಟು ನಮ್ಮ ಈದ್ಗಾ ಮುಂದೆ ಬಿಸಿಲಲ್ಲಿ ನಿಲ್ಲುವವರು ಅವರೇ. ಮೇಲಿನವರು ಕೇಸು ಬೇಗ ಮುಗಿಸಿ ಎಂದು ಒತ್ತುವಾಗ ಕೆಳಗಿನವನು ಅಡ್ಡದಾರಿ ಹಿಡಿಯುತ್ತಾನೆ. ಜಾಲಿಮ್ ಆದ ಸಹೋದರನಿಗೂ ಸಹಾಯ ಮಾಡಿ, ಅವನ ಕೈ ಹಿಡಿದು ತಡೆಯುವುದೇ ಆ ಸಹಾಯ ಎಂದು ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ತಪ್ಪು ಮಾಡಿದ ಅಧಿಕಾರಿಯನ್ನು ಉತ್ತರದಾಯಿ ಮಾಡುವುದು ಪ್ರಾಮಾಣಿಕ ಅಧಿಕಾರಿಗೆ ಮಾಡುವ ಉಪಕಾರ.

ಹಾಗಾದರೆ ನಾವು ಏನು ಮಾಡಬೇಕು?

ಒಂದು, ನೋಡದೆ ಪಂಚರಾಗಬೇಡಿ. ಖಾಲಿ ಹಾಳೆಗೆ, ಓದದ ಹಾಳೆಗೆ ಸಹಿ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು, ಪಂಚರ ಸಹಿ ಸಮೇತ, ವಿಡಿಯೊ ಮಾಡಬೇಕು. ವಿಡಿಯೊ ಎಲ್ಲಿ ಎಂದು ವಿನಯದಿಂದ ಕೇಳಿ.

ಎರಡು, ಯಾರನ್ನಾದರೂ ಹಿಡಿದುಕೊಂಡು ಹೋದರೆ ಗುಂಪು ಕಟ್ಟಿ ಠಾಣೆಗೆ ನುಗ್ಗಬೇಡಿ, ಕಾನೂನು ಹಿಡಿದು ಹೋಗಿ. ಬಂಧನದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೊಡೆದಿದ್ದರೆ ಆ ಮ್ಯಾಜಿಸ್ಟ್ರೇಟರಿಗೇ ಬಾಯಿಬಿಟ್ಟು ಹೇಳಬೇಕು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯವನ್ನು ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ದೃಶ್ಯ ಉಳಿಸಿಡಿ ಎಂದು ತಡಮಾಡದೆ ಅರ್ಜಿ ಕೊಡಿ.

ಮೂರು, ದೂರನ್ನು ಚಹಾ ಅಂಗಡಿಯಲ್ಲಿ ಹೇಳಬೇಡಿ, ಕಾಗದದ ಮೇಲೆ ಬರೆಯಿರಿ. ಜಿಲ್ಲಾ ಎಸ್‌ಪಿ ಇದ್ದಾರೆ, ಮಾನವ ಹಕ್ಕುಗಳ ಆಯೋಗ ಇದೆ, ಲಂಚಕ್ಕೆ ಲೋಕಾಯುಕ್ತ ಇದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ಸುಪ್ರೀಂ ಕೋರ್ಟ್ ಹೇಳಿತು. ಅವುಗಳ ಬಾಗಿಲನ್ನೂ ತಟ್ಟಿ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದವನು ಅಧಿಕಾರಿಯಾದರೂ ಏಳು ವರ್ಷದವರೆಗೆ ಶಿಕ್ಷೆ ಇದೆ. ವಕೀಲರಿಗೆ ದುಡ್ಡಿಲ್ಲ ಎನ್ನಬೇಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ನಾಲ್ಕು, ನಮ್ಮ ಕೈ ಸ್ವಚ್ಛವಾಗಿರಲಿ. ಎಫ್‌ಐಆರ್‌ನಲ್ಲಿ ಹೆಸರು ಸೇರಿಸಲು, ತೆಗೆಸಲು ಹಣ ಕೊಡುವವನೂ ಪಡೆಯುವವನೂ ಇಬ್ಬರೂ ಶಾಪಕ್ಕೆ ಗುರಿ. ಸೈಟಿನ ಜಗಳದಲ್ಲಿ, ತಲಾಖಿನ ಜಗಳದಲ್ಲಿ ಊರಿನಲ್ಲೇ ಇಲ್ಲದ ಭಾವ ಮೈದುನರ ಹೆಸರನ್ನೂ ಬರೆಸುವವರು ಪೊಲೀಸರ ಸುಳ್ಳಿನ ಬಗ್ಗೆ ಮಾತಾಡುವುದು ಹೇಗೆ? ಗೂಡಿನ ಮಾರುಕಟ್ಟೆಯಲ್ಲಿ ತಕ್ಕಡಿ ಸರಿಯಿರಲಿ ಎಂದು ಹಟ ಹಿಡಿಯುವ ನಾವು ನಾಲಿಗೆಯ ತಕ್ಕಡಿಯನ್ನೂ ಸರಿ ಇಡೋಣ.

ಯಾ ಅಲ್ಲಾಹ್, ಸುಳ್ಳು ಕೇಸಿನಲ್ಲಿ ಒಳಗಿರುವ ಪ್ರತಿಯೊಬ್ಬನನ್ನೂ, ಅವನು ಯಾವ ಧರ್ಮದವನೇ ಆಗಿರಲಿ, ಬಿಡಿಸು. ಅಧಿಕಾರ ಹಿಡಿದವರ ಎದೆಯಲ್ಲಿ ನಿನ್ನ ಭಯ ಇಡು. ನೋಡಿದ್ದನ್ನು ಹೇಳುವ ಧೈರ್ಯ, ನೋಡದ್ದಕ್ಕೆ ಸಹಿ ಹಾಕದ ಧೈರ್ಯ ನಮಗೆ ಕೊಡು. ಆ ತಾಯಿಯ ಪ್ರಶ್ನೆಗೆ ಮಹ್ಷರ್‌ನಲ್ಲಿ ನನ್ನನ್ನು ತಲೆ ತಗ್ಗಿಸುವಂತೆ ಮಾಡಬೇಡ. ಆಮೀನ್.