ಹೊಲದಿಂದ ಹೊಲಕ್ಕೆ: ರೈತರ ಕಲಿಕೆ ಮತ್ತು ಪ್ರವಾಸದ ರಾಜಕಾರಣ



‘ಕೃಷಿ ವಿಸ್ತರಣೆ’ ಎಂಬ ಮಾತಿನಲ್ಲೇ ಒಂದು ದಿಕ್ಕು ಅಡಗಿದೆ. ಜ್ಞಾನವು ವಿಶ್ವವಿದ್ಯಾಲಯದಲ್ಲಿ ಹುಟ್ಟುತ್ತದೆ, ಇಲಾಖೆಯ ಮೂಲಕ ಹಳ್ಳಿಗೆ ಇಳಿಯುತ್ತದೆ. ಅದನ್ನು ಒಪ್ಪದ ರೈತ ಹಿಂದುಳಿದವನೆನಿಸುತ್ತಾನೆ. ಹಸಿರು ಕ್ರಾಂತಿಯ ಬೀಜ, ಗೊಬ್ಬರ, ಕೀಟನಾಶಕಗಳು ಹಳ್ಳಿ ಸೇರಿದ್ದು ಈ ದಾರಿಯಲ್ಲೇ. ಇದಲ್ಲದೆ ಹೊಲದಿಂದ ಹೊಲಕ್ಕೆ ಅಡ್ಡಲಾಗಿ ಸಾಗುವ ಇನ್ನೊಂದು ದಾರಿಯೂ ಇದೆ. ಆ ದಾರಿಯಲ್ಲಿ ಯಾರು ನಡೆಯಬಲ್ಲರು ಎಂಬುದೇ ಇಲ್ಲಿನ ಪ್ರಶ್ನೆ.

ಅದರ ಅತ್ಯಂತ ಸ್ಪಷ್ಟ ಚರಿತ್ರೆ ಇರುವುದು ಮಧ್ಯ ಅಮೆರಿಕದಲ್ಲಿ. 1970ರ ದಶಕದಲ್ಲಿ ಗ್ವಾಟೆಮಾಲಾದ ಚಿಮಾಲ್ತೆನಾಂಗೊ ಸೀಮೆಯ ಮಾಯಾ ರೈತರು ಇಳಿಜಾರು ಹೊಲಗಳ ಮಣ್ಣು ಕೊಚ್ಚಿಹೋಗದಂತೆ ಸಮಪಾತಳಿ ಬದುಗಳನ್ನು ಹಾಕತೊಡಗಿದರು. ಮೂರು ಕೋಲುಗಳನ್ನು ಕಟ್ಟಿ, ನಡುವೆ ದಾರಕ್ಕೊಂದು ಕಲ್ಲು ತೂಗುಬಿಟ್ಟರೆ ಮಟ್ಟ ನೋಡುವ ಸಾಧನ ಸಿದ್ಧ. ಕಲಿತವನು ನೆರೆಯ ಹಳ್ಳಿಯವರನ್ನು ತನ್ನ ಹೊಲಕ್ಕೇ ಕರೆಯುತ್ತಿದ್ದ. ಅವರ ನಿಯಮ ಸರಳವಾಗಿತ್ತು: ಹೊಲವನ್ನೆಲ್ಲ ಒಮ್ಮೆಗೇ ಬದಲಿಸಬಾರದು; ಒಂದು ಮೂಲೆಯಲ್ಲಿ ಮಾಡಿ ನೋಡಬೇಕು, ಫಲಿಸಿದ್ದನ್ನು ಮಾತ್ರ ಇನ್ನೊಬ್ಬರಿಗೆ ಹೇಳಬೇಕು. ಹೊಲದಲ್ಲಿ ಫಸಲು ಹೆಚ್ಚಿದಂತೆ ಆ ರೈತರು ದೊಡ್ಡ ತೋಟಗಳಿಗೆ ಅಗ್ಗದ ಕೂಲಿಗಳಾಗಿ ಹೋಗಬೇಕಾದ ಅಗತ್ಯವೂ ಕಡಿಮೆಯಾಯಿತು. ಭೂಮಾಲೀಕರಿಗೆ ಅದು ಕಮ್ಯುನಿಸಂ ಆಗಿ ಕಂಡಿತು. ಸೈನ್ಯದ ದಮನದಲ್ಲಿ ಹಲವರು ಸತ್ತರು, ಕೆಲವರು ಗಡಿ ದಾಟಿ ಮೆಕ್ಸಿಕೋ ಸೇರಿದರು. ಮೆಕ್ಸಿಕೋದಿಂದ ಈ ಕಲಿಕೆ 1987ರ ಹೊತ್ತಿಗೆ ನಿಕರಾಗುವಾಕ್ಕೆ ನಡೆಯಿತು. ಬದು ಹಾಕುವುದಕ್ಕೂ ಗುಂಡೇಟಿಗೂ ಇಷ್ಟು ಹತ್ತಿರದ ನಂಟಿದೆಯೆಂದು ಕೃಷಿ ಪಠ್ಯಪುಸ್ತಕಗಳು ಹೇಳುವುದಿಲ್ಲ.

1998ರ ಅಕ್ಟೋಬರ್‌ನಲ್ಲಿ ಮಿಚ್ ಚಂಡಮಾರುತ ಆ ನಾಡುಗಳ ಗುಡ್ಡಗಳನ್ನೇ ತೊಳೆದುಹಾಕಿತು. ಆಗ ನಿಕರಾಗುವಾ, ಹೊಂಡುರಾಸ್ ಮತ್ತು ಗ್ವಾಟೆಮಾಲಾದ 360 ಸಮುದಾಯಗಳ ರೈತರು ಅಕ್ಕಪಕ್ಕದ ಹೊಲಗಳನ್ನು ಜೋಡಿ ಜೋಡಿಯಾಗಿ ಅಳೆದರು. ಹೀಗೆ ಅಳೆದ ಹೊಲಗಳು ಒಟ್ಟು 1,804. ಸುಸ್ಥಿರ ಪದ್ಧತಿಯ ಹೊಲಗಳಲ್ಲಿ ಮೇಲ್ಮಣ್ಣು ಶೇ 20ರಿಂದ 40ರಷ್ಟು ಹೆಚ್ಚು ಉಳಿದಿತ್ತು. ಈ ಅಧ್ಯಯನವನ್ನು ಸಂಘಟಿಸಿದ ಎರಿಕ್ ಹೋಲ್ಟ್-ಹಿಮೆನೆಸ್ ಸಂಶೋಧಕರೇ. ಆದರೆ ಹೊಲಕ್ಕಿಳಿದು ಅಳೆದದ್ದು ರೈತರು. ಪಕ್ಕದ ಹೊಲದವನೂ ಜೊತೆಗಿದ್ದು ನೋಡಿದ ಅಳತೆಯನ್ನು ಅಲ್ಲಗಳೆಯುವುದು ಕಷ್ಟ. ಸೋವಿಯತ್ ಒಕ್ಕೂಟ ಕುಸಿದು ತೈಲ, ಗೊಬ್ಬರಗಳ ಆಮದು ತೀವ್ರವಾಗಿ ಇಳಿದ ಬಳಿಕ ಕ್ಯೂಬಾದ ರೈತ ಸಂಘಟನೆ ಇದೇ ಪದ್ಧತಿಯನ್ನು 1997ರಲ್ಲಿ ಕೈಗೆತ್ತಿಕೊಂಡಿತು. ಇನ್ನೂರು ಚಿಲ್ಲರೆ ಕುಟುಂಬಗಳಿಂದ ಆರಂಭವಾದದ್ದು ದಶಕವೊಂದರಲ್ಲಿ ಲಕ್ಷ ದಾಟಿತು.

ಕರ್ನಾಟಕಕ್ಕೂ ಈ ಚರಿತ್ರೆಗೂ ನೇರ ಕೊಂಡಿ ಇದೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲೇ ರೈತ ಸಂಘವು ಲಾ ವಿಯಾ ಕಂಪೆಸಿನಾ ಎಂಬ ಜಾಗತಿಕ ರೈತ ಒಕ್ಕೂಟದ ಭಾಗವಾಯಿತು. ಚಾಮರಾಜನಗರ ಜಿಲ್ಲೆಯ ಅಮೃತಭೂಮಿ ಇಂದು ರೈತರು ಬಂದು ತಂಗಿ ಕಲಿಯುವ ಕೇಂದ್ರವಾಗಿದೆ. ಈ ಶತಮಾನದ ಮೊದಲ ದಶಕದಿಂದ ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿಯ ಶಿಬಿರಗಳು ಸಾವಿರಾರು ಜನರನ್ನು ಸೆಳೆದವು. ಸಾಲದಲ್ಲಿ ಮುಳುಗಿದ್ದ ರೈತನಿಗೆ, ಹತ್ತು ಕಿಲೋ ಸಗಣಿ, ಗಂಜಲ, ಬೆಲ್ಲ, ಬೇಳೆಹಿಟ್ಟುಗಳನ್ನು ಇನ್ನೂರು ಲೀಟರ್ ನೀರಿನಲ್ಲಿ ಕಲಸಿದ ಜೀವಾಮೃತವು ಅಂಗಡಿಯ ಉದ್ರಿಯಿಂದ ಬಿಡುಗಡೆಯಾಗಿ ಕಂಡದ್ದು ಸಹಜ. ಆದರೆ ಒಬ್ಬ ಗುರು ದಿನಗಟ್ಟಲೆ ಮಾತನಾಡಿ, ಸಾವಿರ ಜನ ಟಿಪ್ಪಣಿ ಬರೆದುಕೊಳ್ಳುವ ಶಿಬಿರವು ಇಲಾಖೆಯ ಹಳೆಯ ದಿಕ್ಕನ್ನೇ ಮತ್ತೊಂದು ಬಣ್ಣದಲ್ಲಿ ತೋರಿಸುತ್ತದೆ. ನಿಜವಾದ ಕಲಿಕೆ ನಡೆಯುವುದು ಆನಂತರದ ಹೊಲಭೇಟಿಯಲ್ಲಿ. ಮುಚ್ಚಿಗೆ ಎಷ್ಟು ದಪ್ಪವಿರಬೇಕು, ಯಾವ ಮರದಡಿ ಏನು ಬೆಳೆದೀತು, ಮೊದಲ ವರ್ಷ ಇಳುವರಿ ಬಿದ್ದಾಗ ಮನೆ ಹೇಗೆ ನಡೆಯಿತು ಎಂಬುದನ್ನು ರೈತ ಇನ್ನೊಬ್ಬ ರೈತನನ್ನು ಮಾತ್ರ ಕೇಳಬಲ್ಲ.

ಆ ಭೇಟಿಯ ಬಸ್ಸು ಹತ್ತುವವರು ಯಾರು? ಬಹುತೇಕ ಜಮೀನುಳ್ಳ ಗಂಡಸರು. ಬೀಜ ಕಾಯ್ದಿಡುವ, ಕಳೆ ಕೀಳುವ ಹೆಂಗಸು ಎರಡು ದಿನ ಮನೆ ಬಿಟ್ಟರೆ ಹಸು ಕರೆಯುವವರಿಲ್ಲ. ಕೃಷಿ ಕಾರ್ಮಿಕಳಾದರೆ ಎರಡು ದಿನದ ಕೂಲಿಯೂ ಇಲ್ಲ. 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಗೇಣಿ ಕಾನೂನಿನ ಕಣ್ಣಿಗೆ ಬಹುಮಟ್ಟಿಗೆ ಇಲ್ಲ. ಹಳ್ಳಿಯಲ್ಲಿ ಬಾಯಿಮಾತಿನ ಮೇಲೆ ನಡೆಯುತ್ತಲೇ ಇದೆ. ಮುಂದಿನ ವರ್ಷ ಕೈತಪ್ಪಬಹುದಾದ ಹೊಲಕ್ಕೆ ಮೂರು ವರ್ಷ ಮುಚ್ಚಿಗೆ ಹಾಕಿ ಮಣ್ಣು ಕಟ್ಟು ಎಂದು ಗೇಣಿದಾರನಿಗೆ ಹೇಳುವುದು ಕ್ರೌರ್ಯವೇ ಸರಿ. ಸುಸ್ಥಿರ ಕೃಷಿಯ ಮಾತು ಭೂಮಿಯ ಹಕ್ಕಿನ ಮಾತನ್ನು ಬಿಟ್ಟು ನಡೆದರೆ ಅದು ಉಳ್ಳವರ ಹವ್ಯಾಸವಾಗಿ ಉಳಿಯುತ್ತದೆ.

ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದಿನಲ್ಲಿ, ಈ ಪ್ರಶ್ನೆಗೆ ಬೇರೆಯೇ ಉತ್ತರ ದೊರೆಯಿತು. ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಇರುವವರು ಬಹುಪಾಲು ದಲಿತ ಮಹಿಳೆಯರು. ಅವರ ಹಳೆಯ ಬೆಳೆಗಳ ಜಾತ್ರೆ ಸಂಕ್ರಾಂತಿಯಂದು ಹೊರಡುತ್ತದೆ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಜೋಳ, ನವಣೆ, ಸಜ್ಜೆ, ತೊಗರಿಯ ಬೀಜಗಳು ಸುಮಾರು ಒಂದು ತಿಂಗಳು ಊರೂರು ತಿರುಗುತ್ತವೆ. ಮನೆ ಬಿಡಲಾಗದವರು ಬಸ್ಸು ಹತ್ತಬೇಕಿಲ್ಲ. ಗಾಡಿಯೇ ಅವರ ಕೇರಿಗೆ ಬರುತ್ತದೆ. ಯಾವ ಬೀಜ ಕಡಿಮೆ ಮಳೆಗೆ ತಾಳುತ್ತದೆ, ಯಾವುದು ಯಾವ ನೆಲಕ್ಕೆ ಒಗ್ಗುತ್ತದೆ ಎಂದು ಅಲ್ಲಿ ಹೇಳುವವರು ಅದನ್ನು ಬಿತ್ತಿ ಬೆಳೆದ ಹೆಂಗಸರೇ. ಬೀಜ ಬೇಕಾದವರಿಗೆ ಸಂಘದ ಬೀಜ ಭಂಡಾರವಿದೆ; ಸಾಲವಾಗಿ ಒಯ್ದ ಬೀಜವನ್ನು ಸುಗ್ಗಿಯಾದ ಮೇಲೆ ಬೀಜವಾಗಿಯೇ, ಒಯ್ದುದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸುತ್ತಾರೆ.