ಸೊನ್ನೆಯಿಂದ ಭಾಗಿಸಿದಾಗ ಸಿ ಪ್ರೋಗ್ರಾಂ ಏನು ಮಾಡಬೇಕು?



ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿದರು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಇದ್ದಂತೆಯೇ ಉಳಿಯುತ್ತದೆ ಎಂಬುದು ಅವರ ನಿಲುವು. 628ರಲ್ಲೇ ಬ್ರಹ್ಮಗುಪ್ತರು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದರು. 12ನೇ ಶತಮಾನದ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದ ರಾಶಿಗೆ ‘ಖಹರ’ ಎಂದು ಹೆಸರಿಟ್ಟು, ಅದು ಅನಂತ, ಎಷ್ಟು ಕೂಡಿದರೂ ಕಳೆದರೂ ಬದಲಾಗದು ಎಂದರು. ಈ ಮೂರೂ ಉತ್ತರಗಳು ಇವತ್ತಿನ ಪ್ರೋಗ್ರಾಂಗಳಲ್ಲಿ ಓಡಾಡಿಕೊಂಡಿವೆ. ಯಾವ ಉತ್ತರ ಬೇಕೆಂದು ಯೋಚಿಸಿ ಆರಿಸುವವರು ಮಾತ್ರ ಕಡಿಮೆ.

ಪೂರ್ಣಾಂಕದ ವಿಷಯ ಮೊದಲು. ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಏನಾಗಬೇಕೆಂದು ಸಿ ಭಾಷೆಯ ಮಾನಕ ಹೇಳುವುದೇ ಇಲ್ಲ. ಇಂಟೆಲ್ ಪ್ರೊಸೆಸರ್ ಮೇಲಿನ ಲಿನಕ್ಸ್‌ನಲ್ಲಿ ಸಿಗ್‌ಎಫ್‌ಪಿಇ ಎಂಬ ಸಿಗ್ನಲ್ ಬಂದು ಪ್ರೋಗ್ರಾಂ ಸಾಯುತ್ತದೆ. ಪರದೆಯ ಮೇಲೆ ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್’ ಎಂದು ಕಾಣುತ್ತದೆ, ತಪ್ಪಾದದ್ದು ಪೂರ್ಣಾಂಕದಲ್ಲೇ ಆಗಿದ್ದರೂ! 64 ಬಿಟ್ ಆರ್ಮ್ ಪ್ರೊಸೆಸರ್‌ನ ಭಾಗಾಕಾರದ ಆದೇಶವಾದರೋ ಸದ್ದಿಲ್ಲದೆ ಸೊನ್ನೆ ಕೊಟ್ಟು ಮುಂದೆ ಸಾಗುತ್ತದೆ. ಹಾಗಾಗಿ ಮೊಬೈಲ್‌ನಲ್ಲಿ ಸರಿಯಾಗಿ ಓಡಿದಂತೆ ಕಂಡ ಪ್ರೋಗ್ರಾಂ ಲ್ಯಾಬಿನ ಕಂಪ್ಯೂಟರಿನಲ್ಲಿ ಕುಸಿದುಬಿದ್ದರೆ ಆಶ್ಚರ್ಯಪಡಬೇಕಿಲ್ಲ. ಇನ್ನೊಂದು ಗುಂಡಿಯೂ ಇದೆ: 32 ಬಿಟ್‌ನಲ್ಲಿ -2147483648 ಅನ್ನು -1ರಿಂದ ಭಾಗಿಸಿದರೆ ಬರುವ ಉತ್ತರಕ್ಕೆ ಅಲ್ಲಿ ಜಾಗವಿಲ್ಲ. ಅಲ್ಲೂ ಇಂಟೆಲ್ ಪ್ರೊಸೆಸರ್ ಅದೇ ಸಿಗ್ನಲ್ ಎಬ್ಬಿಸುತ್ತದೆ.

ಸಿಗ್ನಲ್ ಹಿಡಿದು ಹ್ಯಾಂಡ್ಲರ್‌ನಿಂದ ಸುಮ್ಮನೆ ಹಿಂತಿರುಗಿದರಾಯಿತು ಎಂದು ಕೆಲವರು ನಂಬಿದ್ದಾರೆ. ಹಿಂತಿರುಗಿದೊಡನೆ ಅದೇ ಆದೇಶ ಮತ್ತೆ ನಡೆಯುತ್ತದೆ, ಅದೇ ಸಿಗ್ನಲ್ ಮತ್ತೆ ಬರುತ್ತದೆ, ಪ್ರೋಗ್ರಾಂ ಅಲ್ಲೇ ಸುತ್ತುತ್ತದೆ. ಪೂರ್ಣಾಂಕಕ್ಕೆ ದಾರಿ ಒಂದೇ: ಭಾಗಿಸುವ ಮೊದಲು ಛೇದವನ್ನು ನೋಡಿ. ಸೊನ್ನೆ ಕಂಡರೆ ಅದನ್ನು ಒಂದು ಎಂದು ಬದಲಿಸಿ ಮುಂದುವರಿಯುವ ಅಭ್ಯಾಸವೂ ಇದೆ. ಅದು ತಿಳಿಯದೆಯೇ ಮಹಾವೀರಾಚಾರ್ಯರ ಉತ್ತರವನ್ನು ಕೊಟ್ಟಂತೆ. ನಂಬಬಹುದಾದ ಸಂಖ್ಯೆಯಂತೆ ಕಾಣುವುದರಿಂದಲೇ ಅದು ಅಪಾಯಕಾರಿ.

ಫ್ಲೋಟಿಂಗ್ ಪಾಯಿಂಟ್‌ನ ಧರ್ಮ ಬೇರೆ. ಬರ್ಕ್ಲಿಯ ವಿಲಿಯಂ ಕಹಾನ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಐಇಇಇ 754 ಮಾನಕ 1985ರಲ್ಲಿ ಬಂತು. 1989ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಎಕ್ಸೆಪ್ಶನ್ ಎಂದರೆ ಇಲ್ಲಿ ಪ್ರೋಗ್ರಾಂ ಸಾಯುವುದಲ್ಲ. ಯಂತ್ರ ಒಂದು ಉತ್ತರ ಕೊಟ್ಟು, ಒಂದು ಫ್ಲ್ಯಾಗ್ ಎತ್ತಿ, ಮುಂದುವರಿಯುತ್ತದೆ. 1.0 ಅನ್ನು 0.0ಯಿಂದ ಭಾಗಿಸಿದರೆ ಅನಂತ ಬರುತ್ತದೆ, ಅದಕ್ಕೆ ಐದು ಕೂಡಿಸಿದರೂ ಅನಂತವೇ, ಭಾಸ್ಕರರ ಖಹರ. 0.0 ಅನ್ನು 0.0ಯಿಂದ ಭಾಗಿಸಿದರೆ ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ್ದು.

ನ್ಯಾನ್ ಹೇಗೆ ನುಸುಳುತ್ತದೆಂದು ನೋಡೋಣ. ಒಂದು ತಾಲ್ಲೂಕಿನಿಂದ ಮಳೆಯ ಅಳತೆಯೇ ಬರಲಿಲ್ಲ ಎನ್ನಿ. ಮೊತ್ತ ಸೊನ್ನೆ, ಎಣಿಕೆ ಸೊನ್ನೆ, ಸರಾಸರಿ ನ್ಯಾನ್. ಅದನ್ನು ಕೂಡಿದ ಜಿಲ್ಲೆಯ ಮೊತ್ತವೂ ನ್ಯಾನ್. ‘ಸರಾಸರಿ 500ಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸು’ ಎಂದು ನೀವು ಬರೆದಿದ್ದರೆ ನ್ಯಾನ್ ಪಾರಾಗುತ್ತದೆ, ಏಕೆಂದರೆ ಅದರೊಡನೆ ಮಾಡಿದ ಹೆಚ್ಚು-ಕಡಿಮೆಯ ಹೋಲಿಕೆಯೆಲ್ಲ ಸುಳ್ಳು. ‘500ಕ್ಕೆ ಸಮ ಅಥವಾ ಕಡಿಮೆ ಇದ್ದರೆ ಮಾತ್ರ ಸ್ವೀಕರಿಸು’ ಎಂದು ಬರೆದಿದ್ದರೆ ಸಿಕ್ಕಿಬೀಳುತ್ತದೆ. ಕಾಗದದ ಮೇಲೆ ಎರಡೂ ಒಂದೇ ಷರತ್ತು, ಯಂತ್ರದಲ್ಲಿ ಅಲ್ಲ.

ಫ್ಲ್ಯಾಗ್ ಓದುವ ಸೌಲಭ್ಯವನ್ನು ಸಿ99 ಮಾನಕ ಎಫ್‌ಇಎನ್‌ವಿ ಹೆಡರ್‌ನಲ್ಲಿ ಕೊಟ್ಟಿದೆ. ಲೆಕ್ಕಕ್ಕೆ ಮುನ್ನ ಫ್ಲ್ಯಾಗ್‌ಗಳನ್ನು ಅಳಿಸಿ, ಲೆಕ್ಕ ಮುಗಿದ ಮೇಲೆ ಪರೀಕ್ಷಿಸಿ. ಒಮ್ಮೆ ಎದ್ದ ಫ್ಲ್ಯಾಗ್ ನಾವು ಅಳಿಸುವವರೆಗೂ ಇಳಿಯದು. ಹಾಗಾಗಿ ಸಾವಿರ ಭಾಗಾಕಾರಗಳ ಲೂಪ್‌ಗೆ ಕೊನೆಯಲ್ಲಿ ಒಂದೇ ಪರೀಕ್ಷೆ ಸಾಕು. ‘ಇನ್‌ಎಕ್ಸಾಕ್ಟ್’ ಫ್ಲ್ಯಾಗನ್ನು ಬಿಟ್ಟುಬಿಡಿ, ಒಂದನ್ನು ಮೂರರಿಂದ ಭಾಗಿಸಿದರೂ ಅದು ಏಳುತ್ತದೆ. ಪ್ರೋಗ್ರಾಂ ಕಟ್ಟುವ ಹಂತದಲ್ಲಿ ಗ್ನು ಲೈಬ್ರರಿಯ ಟ್ರ್ಯಾಪ್ ಸೌಲಭ್ಯ ಹಚ್ಚಿಟ್ಟರೆ ಡಿಬಗ್ಗರ್ ತಪ್ಪಿನ ಸಾಲಿನಲ್ಲೇ ನಿಲ್ಲುತ್ತದೆ.

ಹಾಗಾದರೆ ಬಳಕೆಯಲ್ಲಿರುವಾಗಲೂ ನಿಲ್ಲಿಸಬಾರದೇಕೆ? 1996ರ ಜೂನ್ 4ರಂದು ಕೌರೂನಿಂದ ಹಾರಿದ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಚೂರಾಯಿತು. 64 ಬಿಟ್‌ನ ಫ್ಲೋಟಿಂಗ್ ಸಂಖ್ಯೆಯೊಂದು 16 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸಲಿಲ್ಲ, ಎಕ್ಸೆಪ್ಶನ್ ಎದ್ದಿತು. ಭಾಷೆ ಅಡಾ, ಆದರೆ ಪಾಠ ನಮಗೂ ಸೇರಿದ್ದು. ಎಕ್ಸೆಪ್ಶನ್ ಬಂದರೆ ರಾಕೆಟ್ಟಿನ ದಿಕ್ಕು ಅಳೆಯುವ ಘಟಕವನ್ನೇ ನಿಲ್ಲಿಸುವುದೆಂದು ವಿನ್ಯಾಸದಲ್ಲಿತ್ತು. ಅದೇ ಸಾಫ್ಟ್‌ವೇರ್ ಇದ್ದ ಮೀಸಲು ಘಟಕ ಅದೇ ಕಾರಣಕ್ಕೆ ಕ್ಷಣಮಾತ್ರ ಮುಂಚೆ ನಿಂತಿತ್ತು. ನನಗೆ ನೋವೆನಿಸುವುದು ಇಷ್ಟು: ಹಾರಿದ ಮೇಲೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ.

ಕೊನೆಯದಾಗಿ, ಲ್ಯಾಬ್ ನಡೆಸುವ ಅಧ್ಯಾಪಕರಲ್ಲಿ ಒಂದು ವಿನಂತಿ. ಜಿಸಿಸಿ ಕಂಪೈಲರ್‌ಗೆ ‘ಫಾಸ್ಟ್ ಮ್ಯಾತ್’ ಆಯ್ಕೆ ಕೊಟ್ಟರೆ ಅನಂತವೂ ನ್ಯಾನ್ ಕೂಡ ಬರುವುದೇ ಇಲ್ಲವೆಂದು ಅದು ಭಾವಿಸಿಕೊಂಡು, ವಿದ್ಯಾರ್ಥಿ ಶ್ರದ್ಧೆಯಿಂದ ಬರೆದ ನ್ಯಾನ್ ಪರೀಕ್ಷೆಯನ್ನೇ ಕಿತ್ತುಹಾಕಬಹುದು. ಪ್ರೋಗ್ರಾಂ ತಿದ್ದುವ ಮೊದಲು ಅದರ ಮೇಕ್‌ಫೈಲನ್ನೂ ತೆರೆದು ನೋಡಿ.