ಕಾಡಿನಿಂದ ಕಾರ್ಖಾನೆಗೆ

ಭೂಗರ್ಭಶಾಸ್ತ್ರ ಓದಿದವನಿಗೆ ಮುಂದೆ ಉದ್ಯೋಗವೇನು? ಮಗನ ಓದಿನ ಮಾತು ಬಂದಾಗ ತಾವೂ ಹೀಗೆ ಕೇಳಿರಬಹುದು. ಪ್ರಮಥನಾಥ ಬೋಸರ ವೃತ್ತಾಂತವನ್ನು ತಮ್ಮ ಮುಂದಿಡುತ್ತೇನೆ.

1855ರಲ್ಲಿ ಬಂಗಾಳದಲ್ಲಿ ಜನಿಸಿದ ಬೋಸರು ವಿದ್ಯಾರ್ಥಿವೇತನ ಪಡೆದು ಲಂಡನ್ನಿನಲ್ಲಿ ಓದಿದರು. 1880ರಲ್ಲಿ ಸರ್ಕಾರದ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಡೇರೆ ಹಾಕುವುದು, ಕಾಡು ಅಲೆಯುವುದು, ಬಂಡೆಯ ಚಕ್ಕೆ ಎಬ್ಬಿಸಿ ನೋಡುವುದು, ನಕ್ಷೆ ಬರೆಯುವುದು, ಇದೇ ಕೆಲಸ. ಕೆಲಕಾಲ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠವನ್ನೂ ಹೇಳಿದರು. 1903ರಲ್ಲಿ ಸೇವೆಯಲ್ಲಿ ತಮಗಿಂತ ಕಿರಿಯರಾದ ಹಾಲೆಂಡರಿಗೆ ನಿರ್ದೇಶಕ ಪದವಿ ದೊರೆತಾಗ ರಾಜೀನಾಮೆಯಿತ್ತರು. ಮುನಿಸೆಂದು ಕೆಲವರು ಅಂದಾರು. ನಾನು ಅದನ್ನು ಸ್ವಾಭಿಮಾನವೆಂದೇ ಕರೆಯುತ್ತೇನೆ.

ಮಯೂರಭಂಜ ಸಂಸ್ಥಾನ ಅವರಿಗೆ ಕೆಲಸ ಕೊಟ್ಟಿತು. ಅಲ್ಲಿಯ ಗೊರುಮಹಿಸಾಣಿ ಬೆಟ್ಟದಲ್ಲಿ ಉತ್ತಮ ಕಬ್ಬಿಣದ ಅದಿರು ಹೇರಳವಾಗಿತ್ತು. 1904ರ ಫೆಬ್ರವರಿ 24ರಂದು ಬೋಸರು ಜಮಶೇಟಜಿ ಟಾಟಾ ಅವರಿಗೆ ಪತ್ರ ಬರೆದರು. ಟಾಟಾರ ಕಡೆಯವರು ಅದಕ್ಕೆ ಮೊದಲು ದೂರದ ದುರ್ಗ್ ಜಿಲ್ಲೆಯಲ್ಲಿ ಅದಿರು ಅರಸುತ್ತಿದ್ದರಷ್ಟೆ. ಅಲ್ಲಿಗೆ ದಾರಿ ತೋರಿಸಿದ್ದೂ ಬೋಸರ ಹಳೆಯ ವರದಿಯೇ! ಆದರೆ ಬರಿಯ ಅದಿರಿನಿಂದ ಉಕ್ಕಾಗದು. ಕಲ್ಲಿದ್ದಲು ಬೇಕು, ಸುಣ್ಣಕಲ್ಲು ಬೇಕು, ಬತ್ತದ ನೀರು ಬೇಕು. ಮಯೂರಭಂಜದ ಅದಿರಿಗೆ ಝರಿಯಾದ ಕಲ್ಲಿದ್ದಲು ಸಮೀಪ. ಸುವರ್ಣರೇಖಾ, ಖರಕಾಯಿ ನದಿಗಳು ಕೂಡುವೆಡೆಯ ಸಾಕ್ಚಿ ಗ್ರಾಮದಲ್ಲಿ ನೀರೂ ಉಂಟು. ಜಮಶೇಟಜಿಯವರು ಅದೇ ವರ್ಷ ಮೇ ತಿಂಗಳಲ್ಲಿ ತೀರಿಕೊಂಡರು. 1907ರಲ್ಲಿ ಕಂಪನಿ ಸ್ಥಾಪನೆಯಾಯಿತು. 1912ರಲ್ಲಿ ಸಾಕ್ಚಿಯಲ್ಲಿ ಉಕ್ಕು ಹೊರಬಂದಿತು.

ಬೋಸರಾದರೋ ಅಷ್ಟರಲ್ಲಿ ಮತ್ತೆ ವಿದ್ಯಾಲಯಕ್ಕೆ ಮರಳಿದ್ದರು. 1906ರಲ್ಲಿ ಸ್ವದೇಶಿ ಚಳವಳಿಯ ಕಾವಿನಲ್ಲಿ ಕಲ್ಕತ್ತೆಯಲ್ಲಿ ಬೆಂಗಾಲ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ತೆರೆದಾಗ ಅದರ ಮೊದಲ ಪ್ರಾಂಶುಪಾಲರು ಅವರೇ. ಇಂದಿನ ಜಾದವಪುರ ವಿಶ್ವವಿದ್ಯಾನಿಲಯದ ಬೇರು ಅಲ್ಲಿದೆ.